ದಬ್ಬಳಕೊಕ್ಕಿನ ಹಕ್ಕಿ, ಅಟೆಂಡರ್ ಚಾಮಯ್ಯ

ಬೆಳಗಿನ ಆರೂಮುಕ್ಕಾಲು. ಶ್ರೀರಾಂಪುರದ ಆಚೆ ಲಿಂಗಾಂಬುಧಿ ಕೆರೆಯ ಮೇಲೆ ಡಿಸೆಂಬರ್‌ನ ಮಂಜು ಇನ್ನೂ ಕದಲಿಲ್ಲ. ಏರಿಯ ಕೆಳಗೆ ಹುಣಸೆಮರಕ್ಕೆ ಹಳೆಯ ಸೈಕಲ್ಲೊಂದು ಒರಗಿದೆ. ಅದರ ಯಜಮಾನರು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು, ನೀರಿನಂಚಿನ ಜೊಂಡಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ತುಟಿ ಮಾತ್ರ ಅಲುಗುತ್ತಿದೆ. ದೂರದಿಂದ ನೋಡಿದವರು ಜಪ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು.

“ಒಂದು ಗಳಿಗೆ ಮಾತಾಡ್ಬೇಡಿ. ಬಲಗಡೆ ಇರೋವ್ನ ಎಣಿಸ್ಬುಡ್ತೀನಿ,” ಎನ್ನುತ್ತಾರೆ ಪಿಸುದನಿಯಲ್ಲಿ.

ಎಣಿಕೆ ಮುಗಿಯುತ್ತದೆ. ನಾಮದಕೋಳಿ ನೂರಾ ಹನ್ನೆರಡು. ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ ಮೂವತ್ತೊಂದು. ಗುಳುಮುಳುಕ ಒಂಬತ್ತು, ಹತ್ತನೆಯದು ಮುಳುಗಿದ್ದು ಎದ್ದಿತೋ ಇಲ್ಲವೋ ಎಂಬ ಅನುಮಾನ, ಆದ್ದರಿಂದ ಒಂಬತ್ತೇ. ಅಂಗಿಯ ಜೇಬಿನಿಂದ ಅಂಗೈಯಗಲದ ರಟ್ಟೊಂದು ಹೊರಬರುತ್ತದೆ. ಒಂದು ಬದಿಯಲ್ಲಿ ಯಾವುದೋ ಹಕ್ಕಿಯ ಹೆಸರು ತಪ್ಪಾಗಿ ಅಚ್ಚಾಗಿದೆ. ಕಾಲೇಜಿನ ಮ್ಯೂಸಿಯಮ್ಮು ಬಿಸಾಡಿದ ಲೇಬಲ್ಲು ಅದು. ಇನ್ನೊಂದು ಬದಿಯಲ್ಲಿ ಮೋಟು ಪೆನ್ಸಿಲಿನಿಂದ ಗುಂಡುಗುಂಡಾದ ಕನ್ನಡ ಅಂಕಿಗಳು ಇಳಿಯುತ್ತವೆ.

ಇವರು ಚಾಮಯ್ಯ. ವಯಸ್ಸು ಐವತ್ತೆರಡು. ಮಂಡಿ ಮೊಹಲ್ಲಾದ ಓಣಿಯ ಮನೆಯಿಂದ ಐದು ಮೈಲಿ ಸೈಕಲ್ಲು ತುಳಿದು ಬಂದಿದ್ದಾರೆ. ಎಂಟಕ್ಕೆ ಮತ್ತೆ ತುಳಿದು ಮನೆ ಸೇರಿ, ಗಂಜಿ ಕುಡಿದು, ಖಾಕಿ ಅಂಗಿ ತೊಟ್ಟು, ಒಂಬತ್ತೂವರೆಗೆ ನಗರದ ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದ ಬಾಗಿಲು ತೆಗೆಯಬೇಕು. ಅಲ್ಲಿ ಅವರು ಅಟೆಂಡರ್. ಕೆಲಸ, ಸತ್ತ ಹಕ್ಕಿಯ ಚರ್ಮ ಬಿಡಿಸಿ, ಹತ್ತಿ ತುಂಬಿ, ಬದುಕಿದ್ದಂತೆ ನಿಲ್ಲಿಸುವುದು.

ಇದು ಇವರು ಹುಡುಕಿಕೊಂಡು ಹೋದ ಕೆಲಸವಲ್ಲ. ತಂದೆ ನಂಜಯ್ಯ ಮಂಡಿ ಮೊಹಲ್ಲಾದಲ್ಲಿ ಟಾಂಗಾ ಕುದುರೆಗಳ ಚರ್ಮದ ಸಾಮಾನು ಹೊಲಿಯುತ್ತಿದ್ದವರು. ಮಗ ಮೂರನೆಯ ಕ್ಲಾಸಿನ ತನಕ ಓದಿ ಅಪ್ಪನ ಜೊತೆ ಕೂತ. ಮೂವತ್ತೊಂಬತ್ತನೆಯ ಇಸವಿಯಲ್ಲಿ ಕಾಲೇಜಿಗೆ ಜವಾನರು ಬೇಕೆಂದಾಗ ನಾಲ್ಕು ಜನ ಬಂದರಂತೆ. ಸತ್ತ ಹಕ್ಕಿ ಮುಟ್ಟಬೇಕು ಎಂದಾಕ್ಷಣ ಮೂವರು ಬಾಗಿಲಲ್ಲೇ ಹಿಂದಕ್ಕೆ ಸರಿದರು. “ನಾನು ಚರ್ಮದವ್ನ ಮಗ. ನನಗೇನು? ‘ಸೂಜಿ ಹಿಡಿಯೋಕೆ ಬರ್ತದಾ?’ ಅಂದ್ರು. ‘ಬರ್ತದೆ’ ಅಂದೆ. ಅಷ್ಟೇಯ,” ಎಂದು ನಗುತ್ತಾರೆ.

ಇಪ್ಪತ್ಮೂರು ವರ್ಷದಲ್ಲಿ ಆರುನೂರಾ ನಲವತ್ತೆರಡು ಹಕ್ಕಿ ಅವರ ಕೈಯಲ್ಲಿ ಹಾದುಹೋಗಿವೆ. ಗುಬ್ಬಚ್ಚಿಗೆ ಒಂದೂವರೆ ಗಂಟೆ. ಹೆಜ್ಜಾರ್ಲೆಗೆ ಎರಡು ದಿನ. ಚರ್ಮಕ್ಕೆ ಹುಳು ಹಿಡಿಯದಿರಲೆಂದು ಒಳಮೈಗೆ ಪಾಷಾಣ ಕಲಸಿದ ಸೋಪು ಬಳಿಯಬೇಕು. ಅದರಿಂದ ಉಗುರುಗಳು ಸೀಳಿವೆ. ಬಲಗೈಯ ಎರಡು ಬೆರಳಿನ ತುದಿಗೆ ಬಿಸಿ ತಣ್ಣಗೆ ತಿಳಿಯುವುದಿಲ್ಲ. ಸಂಜೆ ಮನೆಗೆ ಬಂದರೆ ಹಿತ್ತಲಲ್ಲಿ ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ಕೈ ತಿಕ್ಕುವ ತನಕ ಹೆಂಡತಿ ಮಾದೇವಮ್ಮ ಹೊಸ್ತಿಲು ದಾಟಲು ಬಿಡುವುದಿಲ್ಲ.

“ಮದ್ವೆ ಆದ ಹೊಸದ್ರಲ್ಲಿ ತಲೆಗೂದಲ್ಲೆಲ್ಲಾ ಪುಕ್ಕ ಇಟ್ಕಂಡು ಬರೋರು. ನಮ್ಮವ್ವ ನೋಡ್ಬುಟ್ಟು, ‘ಇದೇನ್ ಮಗಾ, ಕೋಳಿ ಕಳ್ಳಂಗೆ ಕೊಟ್ಬುಟ್ವಾ’ ಅಂತ ಅತ್ಲು,” ಎನ್ನುತ್ತಾರೆ ಮಾದೇವಮ್ಮ.

ಸತ್ತದ್ದರ ಜೊತೆ ದಿನ ಕಳೆಯುವ ಈ ಮನುಷ್ಯ ಬದುಕಿರುವುದನ್ನು ನೋಡಲು ಕೆರೆಗೆ ಬರತೊಡಗಿದ್ದಕ್ಕೆ ಒಂದು ಅವಮಾನ ಕಾರಣ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಯಾರೋ ಹೊಡೆದು ತಂದ ನೀರುಕಾಗೆಯೊಂದನ್ನು ಸಿದ್ಧಪಡಿಸುವ ಕೆಲಸ ಇವರ ಪಾಲಿಗೆ ಬಂತು. ಬದುಕಿದ್ದ ನೀರುಕಾಗೆಯನ್ನು ಇವರು ಕಂಡವರಲ್ಲ. ಹೆಸರಲ್ಲೇ ಕಾಗೆ ಇದೆಯಲ್ಲ ಎಂದು, ಓಣಿಯ ಕಾಗೆ ಹೇಗೆ ಕೂರುತ್ತದೋ ಹಾಗೇ ಬಗ್ಗಿಸಿ, ಕತ್ತು ಓರೆ ಮಾಡಿ, ಹಲಗೆಗೆ ಬಿಗಿದರು. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಅದರ ಮುಂದೆ ನಿಂತು, “ಇದೇನ್ರೀ, ನಿಮ್ಮ ನೀರುಕಾಗೆ ಪಿಂಡ ತಿನ್ನೋಕೆ ಬಂದ ಹಾಗೆ ಕೂತಿದೆ!” ಎಂದರು. ಹುಡುಗರೆಲ್ಲ ಬಿದ್ದು ಬಿದ್ದು ನಕ್ಕರು. ಚಾಮಯ್ಯ ಬಾಗಿಲ ಹಿಂದೆ ನೀರಿನ ಹೂಜಿ ಹಿಡಿದು ನಿಂತಿದ್ದರು.

ಮುಂದಿನ ಭಾನುವಾರವೇ ದಾರಿ ಕೇಳಿಕೊಂಡು ಕೆರೆಗೆ ಬಂದರು. ನೀರಿನಲ್ಲಿದ್ದ ಒಣ ಬೊಡ್ಡೆಯ ಮೇಲೆ ನೀರುಕಾಗೆ ನೆಟ್ಟಗೆ ನಿಂತು, ಎರಡೂ ರೆಕ್ಕೆ ಬಿಚ್ಚಿ ಬಿಸಿಲಿಗೆ ಹಿಡಿದಿತ್ತು. “ತಂತಿ ಮೇಲೆ ಅಂಗಿ ಒಣಗಾಕಿದಂಗೆ. ನಾನು ಮಾಡಿದ್ದೇನು, ಅದು ಇರೋದೇನು! ನಾಚ್ಕೆ ಆಗೋಯ್ತು.” ಸೋಮವಾರ ಹಳೆಯ ಹೊಲಿಗೆ ಬಿಚ್ಚಿ, ಹೊಸ ತಂತಿ ಹಾಕಿ, ರೆಕ್ಕೆ ಬಿಚ್ಚಿಸಿ ನಿಲ್ಲಿಸಿದರು. ಯಾರೂ ಗಮನಿಸಲಿಲ್ಲ. ಆದರೆ ಅಂದಿನಿಂದ, ನೋಡದ ಹಕ್ಕಿಗೆ ತಂತಿ ಹಾಕುವುದಿಲ್ಲವೆಂಬುದು ಅವರ ನೇಮವಾಯಿತು. ವಾರಕ್ಕೊಮ್ಮೆ ಇದ್ದದ್ದು ಎರಡು ಸಲವಾಗಿ, ಬರಬರುತ್ತಾ ಮಳೆ ಇಲ್ಲದ ಪ್ರತಿದಿನವೂ ಆಯಿತು.

ಐವತ್ತೇಳನೆಯ ಇಸವಿ. ಹಿಂಗಾರು ಕೈಕೊಟ್ಟಿತ್ತು. ಕೆರೆಯ ನೀರು ಹಿಂದಕ್ಕೆ ಸರಿದು, ಮೂಡಲ ದಡದಲ್ಲಿ ಮೊಣಕಾಲುದ್ದದ ಕೆಸರು ಬಯಲಾಗಿತ್ತು. ಡಿಸೆಂಬರ್ ಮೊದಲ ಭಾನುವಾರ ಮೆಟ್ಟುಗಾಲು ಹಕ್ಕಿಗಳ ಹಿಂಡಿನ ನಡುವೆ ಚಾಮಯ್ಯನ ಕಣ್ಣಿಗೆ ಒಂದು ಅಪರಿಚಿತ ಹಕ್ಕಿ ಬಿತ್ತು. ಬಿಳಿ ಮೈ, ಕಪ್ಪು ಪಟ್ಟೆ, ಬೂದಿನೀಲಿ ಕಾಲು. ಕೊಕ್ಕು ಮಾತ್ರ ವಿಚಿತ್ರ. ತೆಳ್ಳಗೆ ಉದ್ದವಾಗಿ ಹೋಗಿ, ತುದಿಯಲ್ಲಿ ಮೇಲಕ್ಕೆ ಬಾಗಿತ್ತು.

“ಮೊದ್ಲು ಪಾಪ, ಕೊಕ್ಕು ಮುರ್ದಿರಬೇಕು ಅಂದ್ಕಂಡೆ. ಆಮೇಲೆ ನೋಡ್ತೀನಿ, ನಮ್ಮಪ್ಪನ ದಬ್ಬಳ! ದಪ್ಪ ಚರ್ಮ ಹೊಲಿಯೋಕೆ ತುದಿ ಬಗ್ಸಿರ್ತಿದ್ರಲ್ಲ, ಅದೇಯ.”

ಆ ಹಕ್ಕಿ ನಡೆದುಕೊಂಡ ರೀತಿ ಇನ್ನೂ ಹೊಸದು. ಬಕದ ಹಾಗೆ ಹೊಂಚಿ ಕುಕ್ಕಲಿಲ್ಲ. ಕೊಕ್ಕಿನ ತುದಿಯನ್ನು ನೀರಲ್ಲಿಳಿಸಿ ಎಡಕ್ಕೊಮ್ಮೆ ಬಲಕ್ಕೊಮ್ಮೆ, ಕುಡುಗೋಲಿನಿಂದ ಹುಲ್ಲು ಸವರುವವರಂತೆ ಬೀಸುತ್ತಾ ನಡೆಯಿತು. ಚಾಮಯ್ಯ ಎಣಿಸಿದರು. ಇಪ್ಪತ್ತು ಸಲ ಬೀಸಿದರೆ ಒಂದು ಸಲ ತಲೆ ಎತ್ತಿ ಆಚೀಚೆ ನೋಡುತ್ತಿತ್ತು. ಗಾಳಿ ಎದ್ದ ಮೇಲೆ ಹದಿನೈದಕ್ಕೇ ತಲೆ ಎತ್ತತೊಡಗಿತು. ಆ ದಿನ ರಟ್ಟಿನ ಹಿಂಬದಿ ಸಾಲದೆ ಅಂಗೈ ಮೇಲೆ ಬರೆದುಕೊಂಡು ಬಂದರು.

ಆಗ ವಿಭಾಗದ ಮುಖ್ಯಸ್ಥರಾಗಿದ್ದವರು ಪ್ರೊಫೆಸರ್ ಸದಾಶಿವಯ್ಯ. ಶಿಸ್ತಿನವರು, ಒಳ್ಳೆಯವರು, ಕೋವಿಯ ಗುರಿಯಲ್ಲೂ ಗಟ್ಟಿಗರು. ಮ್ಯೂಸಿಯಮ್ಮಿನ ಅರ್ಧ ಹಕ್ಕಿಗಳು ಅವರು ಹೊಡೆದವೇ. ಸೋಮವಾರ ಚಾಮಯ್ಯ ಹೇಳಿದ್ದನ್ನು ಕೇಳಿ ಅವರು ನಕ್ಕುಬಿಟ್ಟರು.

“ಮೇಲಕ್ಕೆ ಬಗ್ಗಿದ ಕೊಕ್ಕೇ? ಕೆಳಕ್ಕೆ ಬಗ್ಗಿದ್ದು ಇರುತ್ತೆ ಕಣಯ್ಯ. ನೀನು ನೀರಲ್ಲಿ ಅದರ ನೆರಳು ನೋಡಿದೀಯ.”

ಚಾಮಯ್ಯ ಒಳಗೆ ಹೋಗಿ ತಂತಿಯ ತುಂಡೊಂದನ್ನು ಇಕ್ಕಳದಲ್ಲಿ ಬಗ್ಗಿಸಿ ತಂದು ಮೇಜಿನ ಮೇಲಿಟ್ಟರು. ಪ್ರೊಫೆಸರ್ ತಂತಿ ನೋಡಿದರು, ಬೀರುವಿನಿಂದ ದಪ್ಪ ಪುಸ್ತಕವೊಂದನ್ನು ತೆಗೆದು ಹಾಳೆ ತಿರುವಿದರು, ಒಂದು ಚಿತ್ರದ ಮುಂದೆ ತಂತಿ ಹಿಡಿದರು. ನಗು ನಿಂತುಹೋಯಿತು. ಅವೊಸೆಟ್ ಎಂದು ಅದರ ಹೆಸರು. ತುಂಬ ಉತ್ತರದ ಹಕ್ಕಿ. ಚಳಿಗಾಲಕ್ಕೆ ಇಳಿದು ಬಂದರೂ ಮೈಸೂರಿನ ತನಕ ಬಂದದ್ದನ್ನು ಸದಾಶಿವಯ್ಯನವರು ಕೇಳಿರಲಿಲ್ಲ.

“ಹಕ್ಕಿಯ ಚರ್ಮ ಕೈಯಲ್ಲಿಲ್ಲದೆ ಪತ್ರಿಕೆಗೆ ಬರೆದರೆ ಯಾರು ನಂಬ್ತಾರೆ?” ಎಂದರು ಅವರು. “ಭಾನುವಾರ ಕೋವಿ ತರ್ತೀನಿ. ನೀನು ಸಾಮಾನು ಸಿದ್ಧ ಮಾಡ್ಕೋ.”

ಅದು ಆ ಕಾಲದ ಪದ್ಧತಿ. ಚಾಮಯ್ಯ ಅಂಥ ಎಷ್ಟೋ ಭಾನುವಾರಗಳನ್ನು ಕಂಡವರು. “ಆಗ್ಲಿ ಸಾರ್” ಎಂದರು. ಆದರೆ ಆ ವಾರವಿಡೀ ಬೆಳಗಾದರೆ ಕೆರೆಯಲ್ಲಿ. ಹಕ್ಕಿ ತನ್ನ ದಿನಚರಿಯನ್ನು ಒಂದೊಂದಾಗಿ ತೋರಿಸಿಕೊಟ್ಟಿತು. ಆಳಕ್ಕೆ ಹೋದರೆ ಬಾತಿನ ಹಾಗೆ ಈಜುತ್ತಿತ್ತು. ತಲೆ ಕೆಳಗೆ ಮಾಡಿ, ಬಾಲ ಮೇಲೆತ್ತಿ ಮೇಯುತ್ತಿತ್ತು. ಉದ್ದ ಕಾಲಿನ ಹಕ್ಕಿಯೊಂದು ಹೀಗೆ ಈಜುವುದನ್ನು ಅವರು ಕಂಡದ್ದು ಅದೇ ಮೊದಲು. ಬಿಸಿಲೇರಿದ ಮೇಲೆ ಒಂಟಿಕಾಲಲ್ಲಿ ನಿಂತು, ಆ ದಬ್ಬಳವನ್ನು ಬೆನ್ನಿನ ಪುಕ್ಕದಲ್ಲಿ ಹೂತು ನಿದ್ದೆ ಹೋಗುತ್ತಿತ್ತು. ಹದ್ದಿನ ನೆರಳು ಬಿದ್ದರೆ ಮೆಟ್ಟುಗಾಲು ಹಕ್ಕಿಗಳು ಗಲಾಟೆಯೆಬ್ಬಿಸುತ್ತಿದ್ದವು. ಇದು ಸದ್ದಿಲ್ಲದೆ ಅವುಗಳ ನಡುವೆ ನುಸುಳಿ ನಿಲ್ಲುತ್ತಿತ್ತು.

“ಅದು ಕಣ್ಣಲ್ಲಿ ಹುಡುಕಲ್ಲ. ಕೆಸರಲ್ಲಿ ಏನು ಕಾಣ್ತದೆ? ಕೊಕ್ಕಲ್ಲಿ ತಡಕ್ತದೆ. ನಮ್ಮಪ್ಪಂಗೆ ಕಡೇಗಾಲಕ್ಕೆ ಕಣ್ಣು ಮಂಜಾಗಿತ್ತು. ಚರ್ಮದ ತೂತನ್ನ ಬೆರಳಲ್ಲೇ ಹುಡುಕಿ ದಾರ ಪೋಣಿಸ್ತಿದ್ರು. ಅದನ್ನ ನೋಡ್ತಿದ್ರೆ ನಂಗೆ ಅವರ ಗ್ಯಾಪಕ ಬರೋದು,” ಎನ್ನುತ್ತಾರೆ ಚಾಮಯ್ಯ.

ಎಂಟನೆಯ ದಿನ, ಭಾನುವಾರ. ಪ್ರೊಫೆಸರ್ ಜೋಡುನಳಿಗೆಯ ಕೋವಿಯೊಂದಿಗೆ ಬಂದರು. ಚಾಮಯ್ಯನ ಚೀಲದಲ್ಲಿ ರಕ್ತ ಪುಕ್ಕಕ್ಕೆ ತಾಗದಿರಲೆಂದು ಬಾಯಿಗೆ ತುರುಕುವ ಹತ್ತಿ, ಹಕ್ಕಿ ಸುತ್ತುವ ಕಾಗದ, ದಾರ. ಇಬ್ಬರೂ ಜೊಂಡಿನ ಹಿಂದೆ ಅಡ್ಡ ಬಿದ್ದ ದಿಮ್ಮಿಗೆ ಎದೆ ಕೊಟ್ಟು ಮಲಗಿದರು. ಚಾಮುಂಡಿ ಬೆಟ್ಟದ ಕಡೆಯಿಂದ ಬಿಸಿಲು ಮೂಡಿತು. ಹಕ್ಕಿ ನೀರು ಸವರುತ್ತಾ, ತಾನಾಗಿ ಇವರ ಕಡೆಗೇ ಬಂತು. ನಲವತ್ತು ಗಜ. ಮೂವತ್ತು. ಪ್ರೊಫೆಸರ್ ಕೋವಿಯ ಹಿಡಿಯನ್ನು ಕೆನ್ನೆಗೆ ತಂದರು.

ಮುಂದಿನದನ್ನು ಚಾಮಯ್ಯ ಹೇಳುವುದು ನೆಲ ನೋಡುತ್ತಾ.

“ಕೆಮ್ಮಬಹುದಾಗಿತ್ತು. ಕಾಲು ಜಾರ್ದಂಗೆ ಮಾಡ್ಬಹುದಾಗಿತ್ತು. ಅಂಗೆಲ್ಲಾ ಮಾಡಿದ್ರೆ ಸಾಯೇಬ್ರಿಗೆ ಸುಳ್ಳು ಹೇಳ್ದಂಗೆ. ಅದ್ಕೆ ಎದ್ದು ನಿಂತ್ಕಂಡ್ಬುಟ್ಟೆ.”

ಹಿಂಡು ಒಮ್ಮೆಲೇ ಎದ್ದಿತು. ದಬ್ಬಳಕೊಕ್ಕಿನದೂ ಅದರ ಜೊತೆ ಹಾರಿ, ಕೆರೆಯನ್ನು ಎರಡು ಸುತ್ತು ಹಾಕಿ, ಕಣ್ಮರೆಯಾಯಿತು. ಪ್ರೊಫೆಸರ್ ಬೈಯಲಿಲ್ಲ. ಕೋವಿಯ ನಳಿಗೆ ಬಗ್ಗಿಸಿ ತೆರೆದು, ಎರಡೂ ತೋಟಾ ತೆಗೆದು, ಚಾಮಯ್ಯನ ಅಂಗೈಯಲ್ಲಿಟ್ಟು, ತಿರುಗಿಯೂ ನೋಡದೆ ಏರಿ ಹತ್ತಿ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಅನ್ನುತ್ತಾರೆ ಚಾಮಯ್ಯ.

ಮನೆಯಲ್ಲಿ ಮಾದೇವಮ್ಮ ಹಣೆ ಚಚ್ಚಿಕೊಂಡರು. “ಒಂದು ಹಕ್ಕಿಗೋಸ್ಕರ ಅನ್ನದ ದಾರಿ ಕಳ್ಕಂಬುಟ್ರಾ? ನೂರಾರು ಹಕ್ಕಿ ಸೀಳೋವಾಗ ಇಲ್ದಿದ್ದ ಕರುಣೆ ಇದ್ರ ಮೇಲೇನು?” ಚಾಮಯ್ಯ ಊಟ ಬಿಟ್ಟು ಮಲಗಿದರು. ಬೆಳಗಿನ ಜಾವ ಮಾದೇವಮ್ಮನೇ ತಟ್ಟಿ ಎಬ್ಬಿಸಿದರು. “ಏಳಿ, ಹೋಗಿ ನೋಡ್ಕಂಡ್ ಬನ್ನಿ. ಕೆಲಸ ಹೋಗೋದಂತೂ ಹೋಗ್ತದೆ. ಹಕ್ಕಿನೂ ಹೋಗಿದ್ರೆ ಎರಡೂ ಹೋದಂಗಲ್ವಾ?”

ಸೋಮವಾರ ಹಕ್ಕಿ ಇರಲಿಲ್ಲ. ಕಾಲೇಜಿನಲ್ಲಿ ಪ್ರೊಫೆಸರ್ ಇವರನ್ನು ದಾಟಿಕೊಂಡು ಹೋದರು, ಕಂಬವೊಂದನ್ನು ದಾಟಿದ ಹಾಗೆ. ಮಂಗಳವಾರ ಮುಂಜಾನೆ ಮಂಜು ಸರಿದಾಗ, ಅದೇ ಕೆಸರಿನಂಚಿನಲ್ಲಿ ಬಿಳಿ ಮೈಯೊಂದು ತಲೆ ಬಗ್ಗಿಸಿ ಎಡಕ್ಕೂ ಬಲಕ್ಕೂ ಬೀಸುತ್ತಿತ್ತು. ಚಾಮಯ್ಯ ಅಂದು ಏನನ್ನೂ ಎಣಿಸಲಿಲ್ಲ. ಸುಮ್ಮನೆ ಕೂತು ನೋಡಿದರು.

ಮಧ್ಯಾಹ್ನ ಪ್ರೊಫೆಸರ್ ಕೋಣೆಗೆ ಕರೆದರು.

“ವಾಪಸ್ ಬಂತಾ?”

ಇಲ್ಲ ಎಂದುಬಿಡಬಹುದಿತ್ತು. ಹಾಗೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. “ಬಂತು ಸಾರ್,” ಎಂದರು ಚಾಮಯ್ಯ.

“ಯಾಕೆ ಎದ್ದೆ?”

ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಸಲ, ಚಾಮಯ್ಯ ಮೇಲಿನವರೆದುರು ಒಂದೇ ಉಸಿರಿಗೆ ನಾಲ್ಕು ಮಾತಾಡಿದರು: “ಸತ್ತಿದ್ದನ್ನ ಬದುಕಿರೋ ಹಂಗೆ ಮಾಡೋದು ನನ್ನ ಕೆಲಸ ಸಾರ್. ಇಷ್ಟು ವರ್ಷ ಅದನ್ನೇ ಮಾಡಿದೀನಿ. ಇದು ಬದುಕೇ ಅದೆ. ಅದನ್ನ ಸಾಯಿಸಿ, ಮತ್ತೆ ಬದುಕಿರೋ ಹಂಗೆ ನಾನ್ಯಾಕೆ ಮಾಡ್ಲಿ? ನೀವೇ ಬಂದು ನೋಡಿ ಬರ್ಕಳಿ. ಇಪ್ಪತ್ತು ಸಲ ಬೀಸ್ತದೆ, ಒಂದು ಸಲ ತಲೆ ಎತ್ತುತ್ತದೆ. ಹತ್ತಿ ತುಂಬಿದ್ದು ಅಂಗೆ ಮಾಡ್ತದಾ?”

ಜೇಬಿನಿಂದ ರಟ್ಟುಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟು, ಅಪ್ಪಣೆಗೂ ಕಾಯದೆ ಹೊರಗೆ ಬಂದರು.

ಬುಧವಾರ ಬೆಳಗ್ಗೆ ಜೊಂಡಿನ ಹಿಂದೆ ಹೆಜ್ಜೆ ಸಪ್ಪಳವಾಯಿತು. ಸದಾಶಿವಯ್ಯನವರು ಬಂದು ಪಕ್ಕದಲ್ಲಿ ಕೂತರು. ಕೈಯಲ್ಲಿ ದುರ್ಬೀನು, ನೋಟುಪುಸ್ತಕ; ಕೋವಿ ಇರಲಿಲ್ಲ. “ಹೇಳು, ಬರ್ಕೋತೀನಿ,” ಎಂದರು. ಎಂಟು ಬೆಳಗು ಒಬ್ಬರು ಹೇಳಿದರು, ಒಬ್ಬರು ಬರೆದರು. ಮೂರನೆಯ ದಿನ ಪ್ರೊಫೆಸರ್ ತಾವೇ ಎಣಿಸತೊಡಗಿದರು. ನಾಲ್ಕನೆಯ ದಿನ ಇಬ್ಬರ ಲೆಕ್ಕಕ್ಕೂ ಒಂದರ ವ್ಯತ್ಯಾಸ ಬಂದು ಸಣ್ಣ ಜಗಳವೂ ಆಯಿತು. ಹಕ್ಕಿ ಬಂದ ಹತ್ತೊಂಬತ್ತನೆಯ ದಿನ ದಡ ಬರಿದಾಗಿತ್ತು. ಬಿಸಿಲು ಏರುವ ತನಕ ಕಾದರು. ಎದ್ದು ಏರಿ ಹತ್ತಿದರು.

ಆ ಟಿಪ್ಪಣಿ ಮರುವರ್ಷ ಹೊರಊರಿನ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಎರಡು ಪುಟ ಅಚ್ಚಾಯಿತು. ಚರ್ಮ ಇಲ್ಲವೆಂದು ಒಬ್ಬರು ಆಕ್ಷೇಪಿಸಿ ಕಾಗದ ಬರೆದರು. ವರ್ತನೆಯ ಇಷ್ಟು ನಿಖರವಾದ ವಿವರವನ್ನು ಕಟ್ಟುಕತೆ ಎನ್ನಲಾಗದು ಎಂದು ಇನ್ನಿಬ್ಬರು ಉತ್ತರಿಸಿದರು. ಚಾಮಯ್ಯನ ಹೆಸರು ಅದರಲ್ಲಿಲ್ಲ. ‘ಕಾಲೇಜಿನ ನೌಕರರೊಬ್ಬರ ನೆರವಿನಿಂದ’ ಎಂಬ ಒಂದು ಸಾಲಿದೆ.

ನಿವೃತ್ತರಾಗಿ ಚಾಮರಾಜಪುರಂನಲ್ಲಿರುವ ಸದಾಶಿವಯ್ಯನವರು ಇದನ್ನು ಮುಚ್ಚಿಡುವುದಿಲ್ಲ. “ಹೆಸರು ಹಾಕಬೇಕಾಗಿತ್ತು. ಆಗ ನನಗೆ ಹೊಳೆಯಲೇ ಇಲ್ಲ, ನೋಡಿ. ಹೊಳೆಯಲಿಲ್ಲ ಅನ್ನೋದೇ ತಪ್ಪು. ಆ ಟಿಪ್ಪಣಿಯಲ್ಲಿ ವ್ಯಾಕರಣ ನನ್ನದು, ಕಣ್ಣು ಅವನದು,” ಎನ್ನುತ್ತಾರೆ. ಆ ಭಾನುವಾರದ ನಂತರ ತಾವು ಕೋವಿ ಮುಟ್ಟಲಿಲ್ಲ ಎಂದೇನೂ ಅವರು ಹೇಳಿಕೊಳ್ಳುವುದಿಲ್ಲ. ಮುಟ್ಟಿದ್ದಾರೆ. ಆದರೆ ಪ್ರತಿ ಸಲವೂ ಹೊಡೆಯುವ ಮೊದಲು ವಾರ ಕಾಲ ನೋಡಿದ್ದಾರೆ. ಹಾಗೆ ನೋಡಿದ ಎಷ್ಟನ್ನೋ ಹೊಡೆಯದೆ ಬಂದಿದ್ದಾರೆ.

ಚಾಮಯ್ಯನಿಗೆ ಹೆಸರಿನ ವಿಷಯ ಎತ್ತಿದರೆ ಮುಜುಗರ. “ಬುಡಿ ಸಾರ್. ಇಂಗ್ಲೀಷಲ್ಲಿ ನನ್ನೆಸ್ರು ಬರೆದಿದ್ರೂ ನಂಗೆ ಓದಕ್ಕೆ ಬರ್ತಿತ್ತಾ? ಅವ್ರೇ ಎಲ್ಲಾನೂ ಕನ್ನಡದಲ್ಲಿ ಓದಿ ಹೇಳಿದ್ರು. ಇಪ್ಪತ್ತು ಸಲ ಅಂತ್ಲೇ ಹಾಕವ್ರೆ. ಸರಿಯಾಗ್ ಹಾಕವ್ರೆ.”

ಎಂಟು ಗಂಟೆ. ಮಂಜು ಪೂರ್ತಿ ಹರಿದಿದೆ. ಕೆರೆಯ ಒಂದು ದಡದಲ್ಲಿ ಬಟ್ಟೆ ಒಗೆಯುವ ಸದ್ದು ಶುರುವಾಗಿದೆ. ಅಳತೆಯ ಗೂಟ ನೆಟ್ಟ ಸೈಟುಗಳು ಊರಿನ ಕಡೆಯಿಂದ ಒಂದೊಂದೇ ಇತ್ತ ಬರುತ್ತಿವೆ. ಚಾಮಯ್ಯ ಗೋಣಿಕೊಪ್ಪೆ ಮಡಿಸಿ ಸೈಕಲ್ಲಿನ ಹಿಂದೆ ಸಿಕ್ಕಿಸುತ್ತಾರೆ. ಇಂದು ಮ್ಯೂಸಿಯಮ್ಮಿನಲ್ಲಿ ಕಿಟಕಿಗೆ ಬಡಿದು ಸತ್ತ ಗೂಬೆಯೊಂದು ಕಾದಿದೆ. ಅದರ ತಲೆ ತಿರುಗುವ ಪರಿಯನ್ನು ಅವರು ಹಿಂದೆಯೇ ನೋಡಿಟ್ಟುಕೊಂಡಿದ್ದಾರೆ. ದಬ್ಬಳಕೊಕ್ಕಿನದು ಮತ್ತೆ ಬಂದಿಲ್ಲ. ಐದು ಡಿಸೆಂಬರ್ ಕಳೆದಿವೆ. ಅದಕ್ಕಾಗಿ ಅವರಿಗೆ ಬೇಸರವಿಲ್ಲ. ಬರಲೇಬೇಕೆಂದು ಯಾರೂ ಬರೆದುಕೊಟ್ಟಿಲ್ಲವಲ್ಲ ಎನ್ನುತ್ತಾರೆ.

ಏನಾದರೂ ಆಸೆ ಉಂಟೇ ಎಂದರೆ, ಪೆಡಲ್ಲಿನ ಮೇಲಿಟ್ಟ ಕಾಲನ್ನು ಮತ್ತೆ ನೆಲಕ್ಕಿಳಿಸುತ್ತಾರೆ.

“ಅದು ಮೊಟ್ಟೆ ಇಡೋ ಊರು ಎಲ್ಲೋ ದೂರ ಅದ್ಯಂತೆ. ಅಲ್ಲೂ ನನ್ನಂಗೆ ಕೆರೆ ದಡದಲ್ಲಿ ಕೂತು ನೋಡೋನು ಒಬ್ಬ ಇರ್ಬೇಕಲ್ವಾ? ಆ ವರ್ಷ ಅವ್ನು, ‘ಎಲ್ಲೋಯ್ತಪ್ಪಾ ಇದು, ಏನಾಯ್ತೋ’ ಅಂತ ದಡವೆಲ್ಲಾ ಹುಡುಕಾಡಿರ್ತಾನೆ. ಅವ್ನಿಗೆ ಒಂದು ಮಾತು ಹೇಳ್ಬೇಕು, ಅಷ್ಟೇ. ನಮ್ಮ ಮೈಸೂರಲ್ಲಿತ್ತು ಕಣಪ್ಪಾ, ಹದಿನೆಂಟು ದಿನ. ಹೊಟ್ಟೆ ತುಂಬಾ ತಿಂತು. ಯಾರೂ ಏನೂ ಮಾಡ್ನಿಲ್ಲ.”